ಮ್ಯಾಕಲ್ಸ್‌ಫೀಲ್ಡ್‌ನಲ್ಲಿ ಸ್ಪಂಜಿನ ದರ್ಶನ

ಇಂಗ್ಲೆಂಡಿಗೆ ಹೋಗಿ ಬಂದವರನ್ನು ನಮ್ಮೂರಲ್ಲಿ ಮೊದಲು ಕೇಳುವುದು ಅರಮನೆ ನೋಡಿದಿರಾ ಎಂದು. ನಾನು ನೋಡಲಿಲ್ಲ. ಲಂಡನ್ನಿನ ಕಡೆ ತಲೆ ಹಾಕಿಯೂ ಮಲಗಲಿಲ್ಲ. ನಾನು ಹೋದದ್ದು ಒಂದು ಸ್ಪಂಜನ್ನು ನೋಡಲು. ಹೀಗೆಂದ ಕೂಡಲೇ ಕೇಳಿದವರು ನನ್ನ ಮುಖವನ್ನೊಮ್ಮೆ ನೋಡಿ, ನಿವೃತ್ತಿಯಾದ ಮೇಲೆ ಪಾಪ ಹೀಗಾಗಿದೆ ಎಂದುಕೊಂಡು, ನನಗೆ ಒಂದು ಚಹಾ ಹೇಳುತ್ತಾರೆ.

ನಾನು ಗದಗಿನ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸಿದವಳು. ಪ್ರತಿ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಸ್ಪಂಜಿನ ಪಾಠ ಬರುತ್ತಿತ್ತು. ಬೋರ್ಡಿನ ಮೇಲೆ ಹೂಜಿಯಂಥದೊಂದು ಚಿತ್ರ ಬರೆಯುತ್ತಿದ್ದೆ. ಗೋಡೆಯ ತುಂಬ ಸಣ್ಣ ಸಣ್ಣ ತೂತು. ನೀರು ಅಲ್ಲಿಂದ ಒಳಗೆ, ಅದಕ್ಕೆ ನೀಲಿ ಬಾಣ. ಮೇಲ್ಗಡೆ ಒಂದು ದೊಡ್ಡ ಬಾಯಿ. ನೀರು ಅಲ್ಲಿಂದ ಹೊರಗೆ, ಅದಕ್ಕೆ ಕೆಂಪು ಬಾಣ. ಈ ಪ್ರಾಣಿಗೆ ಬಾಯಿ ಇರುವುದು ತಿನ್ನಲಿಕ್ಕಲ್ಲ, ಉಗುಳಲಿಕ್ಕೆ ಎಂದರೆ ಹುಡುಗರು ನಗುತ್ತಿದ್ದರು. ಪ್ರಯೋಗಾಲಯದ ಬಾಟಲಿಯಲ್ಲಿ ಒಂದು ಸ್ಪಂಜೂ ಇತ್ತು. ಚಹಾದಲ್ಲಿ ಬಿದ್ದು ಮರೆತುಹೋದ ಟೋಸ್ಟಿನ ಹಾಗೆ, ನಾನು ನೌಕರಿಗೆ ಸೇರುವ ಮೊದಲೇ ಸತ್ತದ್ದು. ಆ ಬಾಣಗಳನ್ನು ನಾನು ಸಾವಿರ ಸಲ ಎಳೆದಿದ್ದೇನೆ, ನೀರು ಹರಿದದ್ದನ್ನು ಒಂದು ಸಲವೂ ಕಂಡಿರಲಿಲ್ಲ.

ಸಿಹಿನೀರಿನ ಸ್ಪಂಜು ನಮ್ಮ ಕೆರೆ ಬಾವಿಗಳಲ್ಲೂ ಇದೆ ಎಂದು ಪುಸ್ತಕ ಹೇಳುತ್ತದೆ. ಪುಸ್ತಕ ನಂಬಿ ಕೆರೆ ಹುಡುಕಿಕೊಂಡು ಹೋದರೆ ಅಲ್ಲಿ ಬಸ್ ಸ್ಟ್ಯಾಂಡ್ ಆಗಿತ್ತು. ಇನ್ನೊಮ್ಮೆ ಒಂದು ಹಳೆಯ ಬಾವಿಯ ಕಟ್ಟೆಯ ಮೇಲಿಂದ ಬಗ್ಗಿ ನೋಡುತ್ತಿದ್ದಾಗ ಇಬ್ಬರು ಹೆಂಗಸರು ಓಡಿಬಂದು ನನ್ನ ಸೀರೆ ಹಿಡಿದೆಳೆದರು. ಗಂಡನ ಮೇಲೆ ಸಿಟ್ಟಿದ್ದರೆ ತವರಿಗೆ ಹೋಗು, ಬಾವಿಗೆ ಯಾಕೆ ಬರ್ತಿ ಎಂದು ಬುದ್ಧಿ ಹೇಳಿದರು. ಗಂಡ ಆಗ ಮನೆಯಲ್ಲಿ ನೆಮ್ಮದಿಯಾಗಿ ಮಂಡಕ್ಕಿ ತಿನ್ನುತ್ತ ಕೂತಿದ್ದರು.

ಹೀಗಿರುವಾಗ ನನ್ನ ತಂಗಿಯ ಮಗಳು ಸುಮಾ ಫೋನ್ ಮಾಡಿದಳು. ಅವಳಿಗೆ ಇಂಗ್ಲೆಂಡಿನ ಮ್ಯಾಕಲ್ಸ್‌ಫೀಲ್ಡ್‌ನ ಔಷಧ ಕಾರ್ಖಾನೆಯಲ್ಲಿ ಕೆಲಸ. "ದೊಡ್ಡವ್ವಾ, ನಮ್ಮ ಮನಿ ಹಿಂದಿನ ಕೆನಾಲ್‌ದಾಗ ನಿನ್ನ ಸ್ಪಂಜ್ ಅದಾವಂತ. ಆಫೀಸಿನ್ಯಾಗ ಒಬ್ರು ಹೇಳಿದ್ರು" ಎಂದಳು. ಚಳಿ ಬಿದ್ದರೆ ಈ ಸ್ಪಂಜುಗಳು ಕರಗಿ, ಬೀಜದಂಥ ಗುಳಿಗೆಗಳನ್ನಷ್ಟೇ ಬಿಟ್ಟು ಮಾಯವಾಗುತ್ತವೆ. ಹಾಗಾಗಿ ಸೆಪ್ಟೆಂಬರಿನಲ್ಲೇ ಹೋಗಬೇಕಿತ್ತು. ಮೊಣಕಾಲಿನ ಸ್ಥಿತಿ ನೋಡಿದರೆ ಇನ್ನೊಂದು ಸೆಪ್ಟೆಂಬರಿಗೆ ಕಾಯುವ ಧೈರ್ಯ ನನಗಿರಲಿಲ್ಲ.

ಬರ್ಮಿಂಗ್‌ಹ್ಯಾಮ್

ವಿಮಾನ ಇಳಿದದ್ದು ಬರ್ಮಿಂಗ್‌ಹ್ಯಾಮಿನಲ್ಲಿ. ಸುಮಾಳ ಗಂಡ ಬಸವರಾಜ ಕರೆದೊಯ್ಯಲು ಬಂದಿದ್ದ. ಒಳ್ಳೆಯ ಹುಡುಗ, ಆದರೆ ಹಸಿವು ತಡೆಯುವುದಿಲ್ಲ. ಅವನು ಊಟ ಕಟ್ಟಿಸಿಕೊಂಡು ಬರಲು ಹೋದ ಹೊತ್ತಿಗೆ ನನ್ನನ್ನು ಒಂದು ಕಾಲುವೆಯ ಪಕ್ಕದ ಬೆಂಚಿನ ಮೇಲೆ ಕೂರಿಸಿದ. ಕಾಲುವೆಯ ಪಕ್ಕ ನನ್ನನ್ನು ಕೂರಿಸಿ ಹೋಗುವುದೆಂದರೆ ಬೆಕ್ಕನ್ನು ಹಾಲಿನ ಪಕ್ಕ ಕೂರಿಸಿದ ಹಾಗೆ.

ಅಲ್ಲಿ ಒಬ್ಬ ದಪ್ಪ ಮನುಷ್ಯ ದೊಡ್ಡ ಅಯಸ್ಕಾಂತವೊಂದಕ್ಕೆ ಹಗ್ಗ ಕಟ್ಟಿ ನೀರಿಗೆ ಎಸೆಯುತ್ತಿದ್ದ. ಮೀನಿಗಲ್ಲ, ಕಬ್ಬಿಣಕ್ಕೆ. ನಮ್ಮಲ್ಲಿ ಹಳೇ ಕಬ್ಬಿಣದವರು ಬೀದಿಯಲ್ಲಿ ಕೂಗಿಕೊಂಡು ಬರುತ್ತಾರೆ; ಇಲ್ಲಿ ಇದು ರಜೆಯ ದಿನದ ಹವ್ಯಾಸವಂತೆ. ನೋಡನೋಡುತ್ತ ಅವನು ಒಂದು ಸೂಪರ್‌ಮಾರ್ಕೆಟ್ಟಿನ ತಳ್ಳುಗಾಡಿಯನ್ನೇ ಮೇಲೆಳೆದ. ಅದರ ಸರಳುಗಳ ಮೇಲೆ ಕಂದುಬಣ್ಣದ ಏನೋ ಬೆಳೆದಿತ್ತು. ನಾನು ವಯಸ್ಸು ಮರೆತು ಓಡಿದೆ.

ಸ್ಪಂಜಲ್ಲ. ಮುಟ್ಟಿದರೆ ಲೋಳೆ, ಕೆಸರು, ಕೆಳಗೆ ಬೇರೆ ಯಾವುದೋ ಜಾತಿಯ ಸಣ್ಣ ಪ್ರಾಣಿಗಳ ಗುಂಪು. ನನ್ನ ಇಳಕಲ್ ಸೀರೆಯ ತುಂಬ ಕಪ್ಪು ರಾಡಿ. ಆ ಮನುಷ್ಯ ಒರೆಸಿಕೊಳ್ಳಲು ಒದ್ದೆ ಕಾಗದದ ಪೊಟ್ಟಣ ಕೊಟ್ಟು, ಏನು ಹುಡುಕುತ್ತಿದ್ದೀರಿ ಎಂದು ಕೇಳಿದ. ಸ್ಪಂಜು ಎಂದೆ. ಅವನು ನನ್ನ ಸೀರೆಯನ್ನು ಮೇಲಿಂದ ಕೆಳಗೆ ನೋಡಿ, "ಆ ಮೂಲೆಯ ಅಂಗಡಿಯಲ್ಲಿ ಸಿಗುತ್ತದೆ, ಲವ್" ಎಂದ. ನಮ್ಮೂರಲ್ಲಿ ಅಪರಿಚಿತನೊಬ್ಬ ಹೀಗೆ ಲವ್ ಎಂದಿದ್ದರೆ ನಾಲ್ಕು ಜನ ಸೇರುತ್ತಿದ್ದರು. ಇಲ್ಲಿ ಬಸ್ಸಿನ ಡ್ರೈವರ್ ಕೂಡ ಹಾಗೇ ಅನ್ನುತ್ತಾನೆ, ನಮ್ಮ ಕಂಡಕ್ಟರು ಎಲ್ಲರಿಗೂ ಯಕ್ಕಾ ಅನ್ನುವಂತೆ.

ಶೆಫೀಲ್ಡ್

ಮರುದಿನ ಭಾನುವಾರ. ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿ ಸುಮಾಳ ಗೆಳತಿಯ ಮನೆಯಲ್ಲಿ ಊಟ. ಬಂದವರೆಲ್ಲ ಡಾಕ್ಟರುಗಳು. ಹುಬ್ಬಳ್ಳಿಯವರು, ಮಂಗಳೂರಿನವರು, ಮೈಸೂರಿನವರು ಎಲ್ಲರೂ ಸೇರಿದಾಗ ಅವರವರ ಭಾಷೆಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು, ಬೆಂಗಳೂರಿನ ಕನ್ನಡ ಮಾತಾಡುತ್ತಾರೆ. ಮಾತೆಲ್ಲ ಮಾರ್ಟ್‌ಗೇಜ್ ಎಂಬ ಮನೆಸಾಲ ಮತ್ತು ರೋಟಾ. ರೋಟಾ ಎಂದರೆ ಯಾರಿಗೆ ಯಾವ ಪಾಳಿ ಎಂಬ ಪಟ್ಟಿ. ಅದನ್ನು ಬರೆಯುವವನನ್ನು ಬೈದಷ್ಟು ಇವರು ರೋಗವನ್ನೂ ಬೈಯುವುದಿಲ್ಲ.

ಹೃದಯದ ಡಾಕ್ಟರೊಬ್ಬರು ವಿಷಯ ತಿಳಿದು ನನ್ನ ಪಕ್ಕ ಬಂದು ಕೂತರು. "ಮೇಡಂ, ನಿಮ್ಮ ಸ್ಪಂಜಿಗೆ ಹಾರ್ಟ್ ಇರತ್ತಾ?"

"ಇಲ್ಲ."

"ಕಿಡ್ನಿ?" ಎಂದರು ಕಿಡ್ನಿಯವರು, ಆಚೆಯಿಂದ.

"ಇಲ್ಲ. ಲಿವರ್ ಇಲ್ಲ, ಹೊಟ್ಟೆ ಇಲ್ಲ, ನರ ಇಲ್ಲ, ಮಿದುಳೂ ಇಲ್ಲ. ನಿಮ್ಮಲ್ಲಿ ಯಾರಿಗೂ ಅದರಿಂದ ಒಂದು ಅಪಾಯಿಂಟ್‌ಮೆಂಟ್ ಸಿಗೋದಿಲ್ಲ."

"ಮತ್ತೆ ಕೆಲಸ ಹೇಗೆ ನಡೆಯತ್ತೆ?"

"ಒಂದೊಂದು ಕೋಶವೂ ತನ್ನ ಕೆಲಸ ತಾನೇ ಮಾಡತ್ತೆ. ಒಳಗಿನ ಕೋಶಗಳಿಗೆ ಕಾಲರ್ ಇರತ್ತೆ, ನಡುವೆ ಒಂದು ಚಾವಟಿ. ಎಲ್ಲವೂ ಸೇರಿ ಚಾವಟಿ ಬೀಸಿದರೆ ನೀರು ಒಳಗೆ ಬರತ್ತೆ. ಬಂದ ನೀರಿನಲ್ಲಿ ಉಣ್ಣೋದು, ಉಸಿರಾಡೋದು, ಎಲ್ಲಾ. ಅವಕ್ಕೆ ಮೇಲಧಿಕಾರಿ ಇಲ್ಲ. ರೋಟಾ ಅಂತೂ ಇಲ್ಲವೇ ಇಲ್ಲ."

ಹೃದಯದವರ ಕಣ್ಣಲ್ಲಿ ನಾನು ಸ್ಪಷ್ಟವಾಗಿ ಹೊಟ್ಟೆಕಿಚ್ಚನ್ನು ಕಂಡೆ.

ಮೈಯ ಗೋಡೆ ಹೇಗಿರುತ್ತದೆ ಎಂದು ಯಾರೋ ಕೇಳಿದರು. ಎದುರಿಗೆ ಹೋಳಿಗೆ ಇತ್ತು. ಅದನ್ನೇ ಎತ್ತಿ ತೋರಿಸಿದೆ. ಈ ಕಡೆಯ ಪದರ ಹೊರಚರ್ಮ, ಆ ಕಡೆಯದು ಚಾವಟಿ ಕೋಶಗಳು, ನಡುವಿನ ಹೂರಣ ಒಂದು ಅಂಟು. ಆ ಹೂರಣದ ತುಂಬ ಗಾಜಿನಂಥ ಸೂಜಿಗಳು ಚುಚ್ಚಿಕೊಂಡಿರುತ್ತವೆ, ಅದೇ ಅದರ ಅಸ್ಥಿಪಂಜರ ಎಂದೆ. ಬೆಳಗಿನಿಂದ ಹೋಳಿಗೆ ಮಾಡಿ ಬೆನ್ನು ನೋಯಿಸಿಕೊಂಡಿದ್ದ ಮನೆಯೊಡತಿಯ ಮುಖ ಇಳಿಯಿತು. ಆಮೇಲೆ ಯಾರೂ ಎರಡನೆಯ ಹೋಳಿಗೆ ಹಾಕಿಸಿಕೊಳ್ಳಲಿಲ್ಲ, ನಾನೊಬ್ಬಳನ್ನು ಬಿಟ್ಟು.

ಮಾತು ಬದಲಿಸಲು, ಕೆಲವು ಸ್ಪಂಜುಗಳನ್ನು ಬಟ್ಟೆಯಲ್ಲಿ ಹಾಕಿ ಹಿಂಡಿ ಪುಡಿ ಪುಡಿ ಮಾಡಿ ನೀರಿಗೆ ಬಿಟ್ಟರೂ ಕೋಶಗಳು ಒಂದನ್ನೊಂದು ಹುಡುಕಿಕೊಂಡು ಬಂದು ಮತ್ತೆ ಸೇರುತ್ತವೆ ಎಂದೆ. "ನಮ್ಮ ಕನ್ನಡ ಸಂಘದ ಥರ" ಎಂದರು ಕಿಡ್ನಿಯವರು. "ಪ್ರತಿ ಎಲೆಕ್ಷನ್‌ಗೂ ಒಡೆಯತ್ತೆ, ಪ್ರತಿ ಯುಗಾದಿಗೂ ಸೇರತ್ತೆ." ಎಲ್ಲರೂ ನಕ್ಕರು; ಇಬ್ಬರು ಮಾತ್ರ ನಗಲಿಲ್ಲ. ಕಳೆದ ಸಲ ಎಲೆಕ್ಷನ್‌ಗೆ ನಿಂತವರು ಅವರೇ ಎಂದು ಸುಮಾ ಕಾರಿನಲ್ಲಿ ಹೇಳಿದಳು.

ಮ್ಯಾಕಲ್ಸ್‌ಫೀಲ್ಡ್: ಸೇತುವೆಯ ಕೆಳಗೆ

ಸುಮಾಳ ಮನೆಯಲ್ಲಿ ಅವಳ ಅತ್ತೆ ನೀಲಮ್ಮನವರೂ ಇದ್ದರು. ಬಾಗಲಕೋಟೆಯವರು, ಮಗನ ಬಳಿ ಬೇಸಿಗೆ ಕಳೆಯಲು ಬಂದವರು. ಕಾರಿನಲ್ಲಿ ಕೂತರೆ ತಲೆ ತಿರುಗುತ್ತದೆಂದು ಶೆಫೀಲ್ಡಿಗೆ ಬಂದಿರಲಿಲ್ಲ, ಹಾಗಾಗಿ ಸ್ಪಂಜಿನ ಕಥೆ ಅವರ ಕಿವಿಗೆ ಬಿದ್ದಿರಲಿಲ್ಲ. ನಾನು ಕಲಿಸಿದವಳೆಂದು ನನ್ನನ್ನು ಅಕ್ಕೋರ ಎಂದೇ ಕರೆಯುತ್ತಿದ್ದರು. ಕೊರಳಲ್ಲಿ ಲಿಂಗ, ಹಣೆಯ ತುಂಬ ವಿಭೂತಿ, ಬೆಳಗ್ಗೆ ಪೂಜೆಯಾಗದೆ ಗುಟುಕು ನೀರೂ ಇಲ್ಲ.

ಇಲ್ಲಿಯ ಮನೆಗಳಲ್ಲಿ ದೇವರ ಕೋಣೆ ಇರುವುದಿಲ್ಲ. ಮೆಟ್ಟಿಲ ಕೆಳಗಿನ ಸಣ್ಣ ಗೂಡಿನಲ್ಲಿ ಎಡಕ್ಕೆ ದೇವರು, ಬಲಕ್ಕೆ ವ್ಯಾಕ್ಯೂಮ್ ಕ್ಲೀನರ್. ಇಬ್ಬರೂ ಹೊಂದಿಕೊಂಡು ಹೋಗಿದ್ದರು.

ಕಾಲುವೆ ಹಿತ್ತಲಿನಿಂದ ಕೂಗಳತೆಯಲ್ಲಿತ್ತು. ಬಸವರಾಜ ರಜೆ ಹಾಕಿ ನನ್ನ ಜೊತೆ ಬಂದ. ಜಿಟಿಜಿಟಿ ಮಳೆ. ಒಂದು ದಿನ ಏನೂ ಸಿಗಲಿಲ್ಲ. ಎರಡನೆಯ ದಿನ ಒಂದು ಕಲ್ಲಿನ ಸೇತುವೆಯ ಕೆಳಗೆ ಅಂಗಾತ ಅಲ್ಲ, ಮಕಾಡೆ ಮಲಗಿ, ನೀರೊಳಗೆ ತೋಳು ಇಳಿಸಿ ತಡಕಾಡಿದೆ. ಬಸವರಾಜ ಕಾಲು ಹಿಡಿದುಕೊಂಡಿದ್ದ. ಅಲ್ಲೇ ಕಟ್ಟಿದ್ದ ಉದ್ದನೆಯ ದೋಣಿಮನೆಯಿಂದ ಬಿಳಿಗಡ್ಡದ ಮನುಷ್ಯನೊಬ್ಬ ತಲೆ ಹೊರಹಾಕಿ, ಎಲ್ಲ ಸರಿ ತಾನೇ ಎಂದ. ಸರಿ ಎಂದೆವು. ಅವನು ಒಳಗೆ ಹೋಗಲಿಲ್ಲ. ಚಹಾ ಹಿಡಿದು ಅಲ್ಲೇ ನಿಂತು ನೋಡಿದ. ಅವನ ಹೆಸರು ಕೀತ್.

ಬೆರಳಿಗೆ ಬೆಕ್ಕಿನ ನಾಲಿಗೆಯಂಥ ಒರಟು ತಾಗಿತು. ಲೋಳೆಯಲ್ಲ. ಬೆರಳನ್ನು ಮೂಸಿದೆ. ಕೆಟ್ಟ, ಘಾಟು ವಾಸನೆ. ಪುಸ್ತಕದಲ್ಲಿ ಬರೆದಿದ್ದ ವಾಸನೆ. "ಬಸವರಾಜ, ಸಿಕ್ತು" ಎಂದೆ. ಅವನೂ ಮೂಸಿ ನೋಡಿ, ಇದಕ್ಕಾಗಿ ಇಷ್ಟು ದೂರ ಬಂದಿರಾ ಎಂಬಂತೆ ನನ್ನನ್ನು ನೋಡಿದ.

ಸ್ಪಂಜು ಕುಳಿತದ್ದು ದಂಡೆಯಿಂದ ಕಳಚಿಬಿದ್ದ ಒಂದು ದುಂಡು ಕಲ್ಲಿನ ಮೇಲೆ. ಬೇಲದ ಹಣ್ಣಿಗಿಂತ ಸ್ವಲ್ಪ ದೊಡ್ಡದು, ಮೇಲೆಲ್ಲ ಹಸಿರು ಹೊದಿಕೆ. ಕೀತ್ ಬಕೆಟ್ಟು ಕೊಟ್ಟ. ಕಲ್ಲು ಒಂದು ಕ್ಷಣವೂ ನೀರಿನಿಂದ ಮೇಲೆ ಬರದ ಹಾಗೆ ಬಕೆಟ್ಟನ್ನೇ ಕೆಳಗಿನಿಂದ ತಂದು ಎತ್ತಿಕೊಂಡೆವು. ಗಾಳಿ ಒಳಹೊಕ್ಕರೆ ಸ್ಪಂಜಿನ ಮೈಯೊಳಗಿನ ಸಣ್ಣ ಕಾಲುವೆಗಳು ಕಟ್ಟಿಹೋಗುತ್ತವೆ. ಒಂದೇ ರಾತ್ರಿ ಇಟ್ಟುಕೊಂಡು ತಂದು ಬಿಡುತ್ತೇನೆ ಎಂದು ನಾನು ಕೀತ್‌ಗೆ ಮಾತು ಕೊಟ್ಟೆ. ಕಲ್ಲು ಒಯ್ಯಲು ಯಾರೂ ಅವನನ್ನು ಈವರೆಗೆ ಅನುಮತಿ ಕೇಳಿರಲಿಲ್ಲವೆಂದು ಕಾಣುತ್ತದೆ, ಬಹಳ ಗಂಭೀರವಾಗಿ ತಲೆಯಾಡಿಸಿದ.

ಮನೆಯಲ್ಲಿ ಸುಮಾ ತಾಮ್ರದ ಪಾತ್ರೆ ತಂದಳು. ತಾಮ್ರ ಇಂಥ ಜೀವಿಗಳಿಗೆ ವಿಷ ಎಂದು ಬೇಡವೆಂದೆ. ದೊಡ್ಡ ಗಾಜಿನ ಬಟ್ಟಲಿನಲ್ಲಿ ಕಾಲುವೆಯ ನೀರಲ್ಲೇ ಇಟ್ಟು, ಟಾರ್ಚ್ ಹಿಡಿದು ಕೂತೆ. ಏನೂ ಕಾಣಲಿಲ್ಲ. ಸ್ಪಂಜು ಗಾಬರಿಯಾದರೆ ಮೈ ಬಿಗಿಹಿಡಿದು ಬಾಯಿ ಮುಚ್ಚಿಕೊಳ್ಳುತ್ತದೆ. ತೆರೆದರೂ ನೀರಿನೊಳಗೆ ನೀರು ಹರಿದರೆ ಕಾಣುವುದು ಹೇಗೆ? ಬಣ್ಣ ಹಾಕಿ ನೋಡುತ್ತಾರೆ, ಗೊತ್ತು. ಆದರೆ ಮನೆಯಲ್ಲಿದ್ದದ್ದು ಅರಿಶಿನ ಮತ್ತು ಶಾಯಿ. ಎರಡರಲ್ಲಿ ಯಾವುದಕ್ಕಾದರೂ ಅದು ಸತ್ತರೆ ಎಂದು ಹೆದರಿದೆ. ಇಷ್ಟು ವರ್ಷ ಕಾದು, ಸಮುದ್ರ ದಾಟಿ ಬಂದು, ಬಾಟಲಿಯಲ್ಲಿದ್ದದ್ದನ್ನೇ ಮತ್ತೆ ನೋಡುತ್ತಿದ್ದೇನೆ ಅನಿಸಿ ಬಹಳ ಬೇಸರವಾಯಿತು. ಎರಡು ದಿನ ಬಿಟ್ಟು ನನ್ನ ವಿಮಾನವಿತ್ತು.

ಮನೆಯಲ್ಲಿ ಅತಿ ತಂಪಿನ ಜಾಗ ಮೆಟ್ಟಿಲ ಕೆಳಗಿನ ಗೂಡು. ಬಟ್ಟಲನ್ನು ಅಲ್ಲಿಟ್ಟು ಬಿಳಿಯ ಬಟ್ಟೆ ಹೊದಿಸಿದೆ. ಊಟದ ಹೊತ್ತಿಗೆ ಎಲ್ಲರಿಗೂ ಕಟ್ಟಪ್ಪಣೆ ಮಾಡಿದೆ: ಯಾರೂ ಮುಟ್ಟಕೂಡದು, ಸೋಪಿನ ಕೈ ತಾಗಕೂಡದು, ನೀರಿನಿಂದ ಎತ್ತಕೂಡದು, ಬಾಗಿಲು ಮೆಲ್ಲಗೆ ತೆಗೆಯಬೇಕು.

"ಅಕ್ಕೋರ, ಏನ ಇಟ್ಟೀರಿ ಅಲ್ಲೆ?" ಎಂದು ನೀಲಮ್ಮನವರು ಕೇಳಿದರು.

ನಾನು ಬೇಸರದಲ್ಲಿದ್ದೆ. "ನಾಳೆ ಹೇಳ್ತೀನ್ರಿ. ಅದನ್ನ ನೋಡಾಕ ಅರ್ಧ ಆಯುಷ್ಯ ಕಾದೀನಿ" ಎಂದಷ್ಟೇ ಹೇಳಿ ಮಲಗಲು ಹೋದೆ.

ಮ್ಯಾಕಲ್ಸ್‌ಫೀಲ್ಡ್: ಮೆಟ್ಟಿಲ ಕೆಳಗೆ

ಬೆಳಗ್ಗೆ ಗಂಟೆಯ ಸದ್ದಿಗೆ ಎಚ್ಚರವಾಯಿತು. ಕೆಳಗಿಳಿದು ನೋಡಿದರೆ ಗೂಡಿನ ಬಾಗಿಲು ತೆರೆದಿತ್ತು. ನೀಲಮ್ಮನವರು ತಲೆಸ್ನಾನ ಮಾಡಿ, ಒದ್ದೆಗೂದಲನ್ನು ಗಂಟು ಹಾಕಿಕೊಂಡು, ಮಣೆಯ ಮೇಲೆ ಕೂತಿದ್ದರು. ಬಟ್ಟಲಿನ ಮುಂದೆ ದೀಪ. ಬಿಲ್ವಪತ್ರೆ ಸಿಗದ ನಾಡಿನಲ್ಲಿ ಫ್ರಿಜ್ಜಿನ ಪುದೀನ ಎಲೆಯೇ ಬಿಲ್ವವಾಗಿತ್ತು. ಒಂದು ಕೈಯಲ್ಲಿ ಹಾಲಿನ ಬಟ್ಟಲು, ಇನ್ನೊಂದರಲ್ಲಿ ಸಣ್ಣ ಚಮಚ. ಮಂತ್ರ ಹೇಳುತ್ತ, ನನ್ನ ಸ್ಪಂಜಿಗೆ ಅಭಿಷೇಕ ಮಾಡುತ್ತಿದ್ದರು.

ಅವರ ತಪ್ಪೇನೂ ಇರಲಿಲ್ಲ. ದುಂಡಗಿನ ಹಸಿರು ಕಲ್ಲು, ನೀರೊಳಗೆ, ದೇವರ ಪಕ್ಕ, ಬಿಳಿವಸ್ತ್ರ ಹೊದ್ದು ಕೂತಿದೆ. ಮುಟ್ಟಬಾರದು, ಮೈಲಿಗೆಯಾಗಬಾರದು ಎಂದು ತಂದವರೇ ಹೇಳಿದ್ದಾರೆ. ಅರ್ಧ ಆಯುಷ್ಯ ಕಾದಿದ್ದಾಗಿಯೂ ಹೇಳಿದ್ದಾರೆ. ನಾನು ಶ್ರೀಶೈಲದ ಹೊಳೆಯಿಂದ ಮಲ್ಲಯ್ಯನನ್ನು ತಂದಿದ್ದೇನೆಂದು ತಿಳಿದು, ಪಾಪ, ದೇವರನ್ನು ಹಸಿದಿರಿಸಬಾರದೆಂದು ಎದ್ದಿದ್ದರು.

ಚಮಚ ಕೆಳಗಿಟ್ಟು ಅವರು ವಿಭೂತಿಗೆ ಕೈ ಹಾಕಿದರು. ಮೂರು ಬೆರಳು ವಿಭೂತಿ ಬಿದ್ದರೆ ಆ ತೂತುಗಳೆಲ್ಲ ಮುಚ್ಚಿಹೋಗುತ್ತವೆ. "ನೀಲಮ್ಮಾರ, ತಡೀರಿ" ಎಂದು ನಾನು ಅವರ ಮುಂಗೈ ಹಿಡಿದೆ. ಹಿಡಿದವಳು ಹಾಗೇ ಬಟ್ಟಲಿನ ಮೇಲೆ ಬಗ್ಗಿದೆ.

ರಾತ್ರಿಯಿಡೀ ಕದಲಿಸದೆ ಬಿಟ್ಟಿದ್ದರಿಂದ ಸ್ಪಂಜು ಬಾಯಿ ತೆರೆದಿತ್ತು. ಹಸಿರು ಮೈಯ ಮೇಲೆ ಗಾಜಿನಷ್ಟು ತೆಳುವಾದ ಸಣ್ಣ ಚಿಮಣಿಗಳು ಎದ್ದು ನಿಂತಿದ್ದವು. ಹಾಲು ಕಲ್ಲಿನ ಸುತ್ತ ಮಂಜಿನಂತೆ ತಂಗಿತ್ತು. ನೋಡುತ್ತಿದ್ದಂತೆ ಆ ಬಿಳುಪು ಮೆಲ್ಲಗೆ ಮೈಗೆ ಹತ್ತಿ, ಒಳಗೆಲ್ಲೋ ಇಲ್ಲವಾಯಿತು. ಸ್ವಲ್ಪ ಹೊತ್ತಿಗೆ ಒಂದು ಚಿಮಣಿಯ ಬಾಯಿಂದ ಬಿಳಿಯ ಎಳೆಯೊಂದು ಎದ್ದಿತು, ಊದಿನಕಡ್ಡಿಯ ಹೊಗೆಯ ಹಾಗೆ, ನೆಟ್ಟಗೆ. ಆಮೇಲೆ ಪಕ್ಕದ್ದರಿಂದ ಇನ್ನೊಂದು.

ನೀಲಿ ಬಾಣ. ಕೆಂಪು ಬಾಣ. ನಾನು ಬೋರ್ಡಿನ ಮೇಲೆ ಎಳೆದದ್ದೆಲ್ಲ ಸರಿಯಾಗಿಯೇ ಇತ್ತು. ನನಗೆ ಅಳು ಬಂತು. ನಾನು ಮಣೆಯ ಪಕ್ಕ ನೆಲದ ಮೇಲೆ ಕೂತು, ವ್ಯಾಕ್ಯೂಮ್ ಕ್ಲೀನರಿಗೆ ಒರಗಿಕೊಂಡು ಅತ್ತೆ.

ನೀಲಮ್ಮನವರು ಅದನ್ನು ಭಕ್ತಿ ಎಂದು ತಿಳಿದು, ನನಗೂ ಒಂದು ಚಮಚ ತೀರ್ಥ ಕೊಡಲು ಬಟ್ಟಲಿನ ಕಡೆ ಕೈ ಚಾಚಿದರು. ಆಗ ವಿಷಯ ಹೇಳಲೇಬೇಕಾಯಿತು.

"ಪ್ರಾಣಿ?" ಎಂದರು. ಚಮಚ ಕೆಳಗಿಟ್ಟರು. "ದೇವರ ಗೂಡಿನ್ಯಾಗ ಪ್ರಾಣಿ ಇಟ್ಟೀರಿ, ಅಕ್ಕೋರ?"

"ತಪ್ಪಾತ್ರಿ. ತಂಪ ಐತಿ ಅಂತ ಇಟ್ಟೆ."

ಅವರು ಬಹಳ ಹೊತ್ತು ಬಟ್ಟಲನ್ನೇ ನೋಡಿದರು. ಕನ್ನಡಕ ಹಾಕಿಕೊಂಡು ಇನ್ನೂ ಹತ್ತಿರದಿಂದ ನೋಡಿದರು. "ಇರ್ಲಿ. ಬಸವಣ್ಣ ಏನು, ಎತ್ತಲ್ಲೇನು" ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಆಮೇಲೆ, "ತಲಿ ಎಲ್ಲಿರೀ ಇದರದು?"

"ಇಲ್ರಿ."

"ಹೊಟ್ಟಿ?"

"ಅದೂ ಇಲ್ಲ."

"ಮತ್ತ ನಾ ಹಾಕಿದ ಹಾಲು ಕುಡದವ್ರು ಯಾರು?"

ಅಷ್ಟು ವರ್ಷದ ಪಾಠದಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ ಯಾರೂ ಕೇಳಿರಲಿಲ್ಲ. ಎಲ್ಲರೂ ಕುಡಿದರು ಎಂದೆ. ಒಳಗಿರುವ ಒಂದೊಂದು ಕೋಶವೂ ತನ್ನ ಪಾಲಿನ ಹನಿ ಹಿಡಿದುಕೊಂಡು, ಉಳಿದದ್ದನ್ನು ಪಕ್ಕದವರಿಗೆ ದಾಟಿಸುತ್ತದೆ ಎಂದೆ. "ಹಂಗಾರ ಇದು ಒಂದ ಪ್ರಾಣಿ ಅಲ್ಲ, ಪಂಗ್ತಿ ಊಟ" ಎಂದರು ನೀಲಮ್ಮನವರು. ಇದನ್ನು ನಾನು ಮೊದಲೇ ಕೇಳಿದ್ದರೆ ಬೋರ್ಡಿನ ಮೇಲೆ ಹೂಜಿಯ ಚಿತ್ರ ಬರೆಯುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಬಸವರಾಜ ಬೂಟು ಹುಡುಕಿಕೊಂಡು ಬಂದ. ಅಮ್ಮ ಮತ್ತು ದೊಡ್ಡತ್ತೆ ಇಬ್ಬರೂ ಮೆಟ್ಟಿಲ ಕೆಳಗೆ ತುರುಕಿಕೊಂಡು ಕೂತು ಕಲ್ಲು ನೋಡುತ್ತಿರುವುದನ್ನು ಕಂಡು, ಸದ್ದಿಲ್ಲದೆ ಬೇರೆ ಬೂಟು ಹಾಕಿಕೊಳ್ಳಲು ಹೋದ.

ಮತ್ತೆ ಕಾಲುವೆ

ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಹಾಲು ಬೆರೆತ ನೀರು ಕೆಡುತ್ತದೆ. ನೀರು ಕೆಟ್ಟರೆ ಅದನ್ನೇ ಉಸಿರಾಡುವ ಸ್ಪಂಜು ಉಳಿಯುವುದಿಲ್ಲ. ಇದನ್ನು ಹೇಳಿದಾಗ ನೀಲಮ್ಮನವರ ಮುಖ ಬಿಳುಚಿತು.

"ನನ್ನ ಕೈಲೆ ಒಂದು ಜೀವ ಹೋಗೂದು ಬ್ಯಾಡ್ರಿ. ಏಳ್ರಿ."

ಬಟ್ಟಲನ್ನು ಅವರೇ ಹೊತ್ತರು. ಸೀರೆಯ ಮೇಲೆ ಮಗನ ಜಾಕೆಟ್ಟು, ಕಾಲಿಗೆ ಸೊಸೆಯ ಬೂಟು. ಹಿಂದೆ ನಾನು, ನನ್ನ ಹಿಂದೆ ಕೊಡೆ ಹಿಡಿದ ಬಸವರಾಜ. ಇಬ್ಬರು ಹೆಂಗಸರು ಬಿಳಿಬಟ್ಟೆ ಮುಚ್ಚಿದ ಬಟ್ಟಲು ಹಿಡಿದು ಮೆಲ್ಲಗೆ ದಂಡೆಗೆ ಬರುವುದನ್ನು ಕಂಡು ಕೀತ್ ದೋಣಿಯಿಂದ ಹೊರಗೆ ಬಂದ. ಟೋಪಿ ತೆಗೆದು ಎದೆಯ ಮೇಲಿಟ್ಟುಕೊಂಡು ನೆಟ್ಟಗೆ ನಿಂತ.

ಇಲ್ಲಿಯ ನಮ್ಮವರು ಸತ್ತವರ ಅಸ್ಥಿಯನ್ನು ಹರಿವ ನೀರಿಗೆ ಬಿಡುವುದನ್ನು ಅವನು ಎಲ್ಲೋ ನೋಡಿದ್ದಿರಬೇಕು. ನಿನ್ನೆಯ ಬಕೆಟ್ಟಿನ ಕಲ್ಲಿಗೂ ಈ ಬಟ್ಟಲಿಗೂ ಅವನು ಸಂಬಂಧ ಕಲ್ಪಿಸಲಿಲ್ಲ. ಬಹಳ ದುಃಖವಾಯಿತು ಎಂದು ಮೆಲ್ಲಗೆ ಹೇಳಿದ. ಬಸವರಾಜ ನನ್ನನ್ನು ನೋಡಿದ, ನಾನು ಬಸವರಾಜನನ್ನು ನೋಡಿದೆ. "ಥ್ಯಾಂಕ್ಯೂ" ಎಂದ ಬಸವರಾಜ. ಅದಕ್ಕಿಂತ ಹೆಚ್ಚು ವಿವರಿಸುವ ಹೊತ್ತಲ್ಲ ಅದು.

ನಾನು ಹಿಂದಿನ ದಿನದಂತೆಯೇ ಮಕಾಡೆ ಮಲಗಿದೆ. ಬಟ್ಟಲನ್ನು ನೀರೊಳಗೆ ಮುಳುಗಿಸಿ, ಓರೆ ಮಾಡಿ, ಕಲ್ಲನ್ನು ಅದರ ಹಳೆಯ ಜಾಗಕ್ಕೆ ಜಾರಿಸಿದೆ. ಬಿಳಿಯ ನೀರು ಒಂದು ಕ್ಷಣ ಮೋಡವಾಗಿ ನಿಂತು ಚೆದುರಿತು. ನೀಲಮ್ಮನವರು ಪುದೀನ ಎಲೆ ಬಿಟ್ಟು ಕೈಮುಗಿದರು. ಕೀತ್ ಕೂಡ ತಲೆ ಬಗ್ಗಿಸಿದ. ಸ್ಪಂಜು ಬದುಕಿತೇ ಎಂದು ನೋಡಲು ಮೇಲಿನಿಂದ ಸಾಧ್ಯವಿರಲಿಲ್ಲ, ನೀರು ಕಪ್ಪಗಿತ್ತು. ಬೆರಳಿಂದ ಮುಟ್ಟಿ ಮತ್ತೆ ಗಾಬರಿಪಡಿಸಲು ನನಗೆ ಮನಸ್ಸಾಗಲಿಲ್ಲ.

ಬಸವರಾಜ ಕೀತ್‌ನ ಜೊತೆ ಮಾತಿಗೆ ನಿಂತ. ನಾವಿಬ್ಬರೂ ಒದ್ದೆ ಬೆಂಚಿನ ಮೇಲೆ ಕೂತೆವು. ನೀಲಮ್ಮನವರು ಖಾಲಿ ಬಟ್ಟಲನ್ನು ಮಡಿಲಲ್ಲಿಟ್ಟುಕೊಂಡು ಬಿಳಿಬಟ್ಟೆಯಿಂದ ಒರೆಸಿದರು.

"ಅಕ್ಕೋರ, ಒಂದ ಮಾತ ಕೇಳತೀನಿ, ಸಿಟ್ಟಾಗಬ್ಯಾಡ್ರಿ. ಇದನ್ನ ನೀವು ಎಷ್ಟ ವರ್ಷ ಕಲಿಸಿದ್ರಿ?"

"ನೌಕರಿ ಇರೂ ಮಟ."

"ಕಣ್ಣಲೆ ನೋಡದನ?"

"ನೋಡದನ."

"ಮತ್ತ ಅದು ಖರೇ ಐತಿ ಅಂತ ಹೆಂಗ ಗೊತ್ತಿತ್ರಿ ನಿಮಗ?"

"ಪುಸ್ತಕದಾಗ ಇತ್ರಿ" ಎಂದೆ. "ನಮ್ಮ ಗುರುಗಳು ಹೇಳಿದ್ರು."

ಅವರು ತಲೆಯಾಡಿಸಿದರು. "ನಂದೂ ಹಂಗ ರೀ. ಗುರುಗಳು ಹೇಳ್ಯಾರಂತ ದಿನಾ ಹಾಲು ಹಾಕತೀನಿ."

ಅವರು ನಗಬಹುದು, ನಾನೂ ನಗಬಹುದು ಎಂದು ಕಾದೆ. ಅವರು ನಗಲಿಲ್ಲ. ಕಾಲುವೆಯ ಕಡೆ ನೋಡುತ್ತಲೇ, ಯಾವ ದೂರೂ ಇಲ್ಲದ ದನಿಯಲ್ಲಿ ಹೇಳಿದರು:

"ನಿಮಗ ಕಂಡಿತು, ಅಕ್ಕೋರ. ನನಗಿನ್ನೂ ಕಾಣಬೇಕು."